ಸರ್ಕಾರಿ ವಕೀಲರ ಕಚೇರಿಗೆ ನಾಲ್ಕು ಸಲ ಹೋಗಿ ಬಂದವನ ರಿವ್ಯೂ

ಹೋಟೆಲ್, ಹೋಮ್‌ಸ್ಟೇ, ಜಲಪಾತದ ಪಾರ್ಕಿಂಗ್ ಎಲ್ಲದಕ್ಕೂ ಜನ ಸ್ಟಾರ್ ಕೊಡುತ್ತಾರೆ. ಕೊಡಗಿನಲ್ಲಂತೂ ಕೇಳೋದೇ ಬೇಡ, ಮಂಜು ಬೀಳಲಿಲ್ಲ ಅಂತ ವ್ಯೂ ಪಾಯಿಂಟಿಗೆ ಒಂದೇ ಸ್ಟಾರ್ ಕೊಟ್ಟವರನ್ನೂ ನೋಡಿದ್ದೇನೆ. ಆದರೆ ಸರ್ಕಾರಿ ವಕೀಲರ ಕಚೇರಿಗೆ ಯಾರಾದರೂ ರಿವ್ಯೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅಲ್ಲಿಗೆ ಹೋಗುವವರು ಖುಷಿಗೆ ಹೋಗಿರುವುದಿಲ್ಲ, ಬಂದ ಮೇಲೆ ಅದನ್ನು ನೆನೆಸಿಕೊಳ್ಳೋಕೂ ಇಷ್ಟಪಡುವುದಿಲ್ಲ. ನಾನು ಬರೆಯುತ್ತೇನೆ. ಊರಿನ ಹೆಸರು ಮಾತ್ರ ಕೇಳಬೇಡಿ. 5 ತಾಲೂಕಿನ ಪುಟ್ಟ ಜಿಲ್ಲೆ ನಮ್ಮದು, ಊರು ಹೇಳಿದರೆ ಯಾವ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ನನ್ನದು ಬಸ್ ಸ್ಟ್ಯಾಂಡ್ ಹತ್ತಿರ ಒಂದು ಚಿಕ್ಕ ಅಂಗಡಿ. ಕಾಫಿಪುಡಿ, ಜೇನು, ಏಲಕ್ಕಿ, ಕರಿಮೆಣಸು, ಟೂರಿಸ್ಟುಗಳಿಗೆ ಬೇಕಾದ ಚಾಕೊಲೇಟು. 2023ರ ಮಾರ್ಚ್‌ನಲ್ಲಿ ಒಂದು ರಾತ್ರಿ ಶಟರ್ ಬೀಗ ಒಡೆದು ಎರಡು ಮೂಟೆ ಮೆಣಸು, ಗಲ್ಲಾದಲ್ಲಿದ್ದ ಚಿಲ್ಲರೆ ಹೊತ್ತುಕೊಂಡು ಹೋದರು. ಒಂದೊಂದು ಮೂಟೆ ಸುಮಾರು 40 ಕೆಜಿ. ಆಗ ಕೆಜಿಗೆ ಐನೂರರ ಆಸುಪಾಸು ಇತ್ತು, ನೀವೇ ಲೆಕ್ಕ ಹಾಕಿ. ಪೊಲೀಸರು ತಿಂಗಳೊಳಗೆ ಇಬ್ಬರನ್ನು ಹಿಡಿದರು, ಒಂದು ಮೂಟೆಯೂ ಸಿಕ್ಕಿತು. ಐಪಿಸಿ 457, 380, ಅಂದರೆ ರಾತ್ರಿ ಹೊತ್ತು ಒಳನುಗ್ಗಿದ್ದು ಮತ್ತು ಕಳ್ಳತನ. ಇಷ್ಟು ಪೊಲೀಸರ ಭಾಗ, ಅದರ ಬಗ್ಗೆ ನನಗೆ ತಕರಾರಿಲ್ಲ.

ಚಾರ್ಜ್‌ಶೀಟ್ ಆಯಿತು ಅಂತ ಗೊತ್ತಾದಾಗ ನಾನು ಮಾಡಿದ ಮೊದಲ ತಪ್ಪು, ವಕೀಲರನ್ನು ಇಡಬೇಕಾ ಅಂತ ನಾಲ್ಕು ಜನರನ್ನು ಕೇಳಿದ್ದು. ನಾಲ್ವರೂ ನಾಲ್ಕು ಥರ ಹೇಳಿದರು. ಪಕ್ಕದ ಅಂಗಡಿಯವರ ಭಾವ ವಕೀಲರು, ಅವರೇ ಸರಿಯಾಗಿ ಹೇಳಿದ್ದು. "ಸುಮ್ನೆ ಫೀಸ್ ಯಾಕೆ ಕೊಡ್ತೀರಿ? ಕ್ರಿಮಿನಲ್ ಕೇಸು ನಿಮ್ಮದಲ್ಲ, ಸರ್ಕಾರದ್ದು. ಎಪಿಪಿ, ಅಂದ್ರೆ ಸರ್ಕಾರಿ ವಕೀಲರು, ನಡೆಸ್ತಾರೆ. ನೀವು ಬರೀ ಸಾಕ್ಷಿ."

ಬರೀ ಸಾಕ್ಷಿ! ಅಂಗಡಿ ನನ್ನದು, ಮೆಣಸು ನನ್ನದು, ಕೇಸು ಮಾತ್ರ ನನ್ನದಲ್ಲ. ಇದನ್ನು ಒಪ್ಪಿಕೊಳ್ಳೋಕೆ ನನಗೆ ಒಂದು ವಾರ ಬೇಕಾಯಿತು. ಈಗ ಬೇರೆಯವರಿಗೆ ನಾನೇ ಹೇಳಿಕೊಡುತ್ತೇನೆ. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಸರ್ಕಾರದ ಪರ ನಿಲ್ಲುವವರು ಸಹಾಯಕ ಸರ್ಕಾರಿ ಅಭಿಯೋಜಕರು, ಎಲ್ಲರ ಬಾಯಲ್ಲಿ ಎಪಿಪಿ. ಸೆಷನ್ಸ್ ಕೋರ್ಟಿನಲ್ಲಿ ಪಿಪಿ, ಅಂದರೆ ಸರ್ಕಾರಿ ಅಭಿಯೋಜಕರು. ಇವರು ಪೊಲೀಸ್ ಇಲಾಖೆಯವರಲ್ಲ, ಎಸ್‌ಪಿ ಸಾಹೇಬರ ಕೈಕೆಳಗೂ ಬರುವುದಿಲ್ಲ, ಇವರಿಗೆ ಅಭಿಯೋಜನೆ ಮತ್ತು ಸರ್ಕಾರಿ ವ್ಯಾಜ್ಯಗಳ ಇಲಾಖೆ ಅಂತ ಬೇರೆಯೇ ಇದೆ. ನೀವು ದುಡ್ಡು ಕೊಟ್ಟು ಸ್ವಂತ ವಕೀಲರನ್ನು ಇಟ್ಟರೂ ಅವರು ಎಪಿಪಿಗೆ ಸಹಾಯ ಮಾಡಬಹುದೇ ಹೊರತು ಕೋರ್ಟಿನ ಅನುಮತಿ ಇಲ್ಲದೆ ಕೇಸು ಕೈಗೆತ್ತಿಕೊಳ್ಳುವ ಹಾಗಿಲ್ಲ. ಹಾಗಂತ ಎಪಿಪಿಗೆ ನೀವು ಒಂದು ಪೈಸೆ ಕೊಡಬೇಕಾಗಿಲ್ಲ. ನನ್ನ ಹತ್ತಿರ ಯಾರೂ ಕೇಳಲೂ ಇಲ್ಲ, ಇದನ್ನು ಬರೆಯಲೇಬೇಕು.

ಕಚೇರಿ ಹೇಗಿದೆ ಅಂದರೆ, ಕೋರ್ಟಿನ ಹಿಂಬದಿ ಒಂದು ಕೋಣೆ. ಎರಡು ಕಬ್ಬಿಣದ ಬೀರು, ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಫೈಲುಗಳು, ಮಳೆ ನೀರು ತೊಟ್ಟಿಕ್ಕುವ ಮೂಲೆಯಲ್ಲಿ ಫೈಲಿನ ಮೇಲೆ ನೀಲಿ ಟಾರ್ಪಾಲ್. ಹೊರಗಿನಿಂದ ಬಂದವರಿಗೆ ಕುರ್ಚಿ ಒಂದೇ ಒಂದು. ಉಳಿದವರು ವರಾಂಡದಲ್ಲಿ ನಿಲ್ಲಬೇಕು. ಆ ವರಾಂಡದಲ್ಲೇ ಆರೋಪಿಗಳೂ ನಿಂತಿರುತ್ತಾರೆ! ನನ್ನ ಅಂಗಡಿ ಬೀಗ ಒಡೆದವನು ಅಂತ ಹೇಳುವ ಹುಡುಗ ನನ್ನ ಪಕ್ಕದಲ್ಲೇ ಗೋಡೆಗೆ ಒರಗಿ ಮೊಬೈಲ್ ನೋಡುತ್ತಾ ಇದ್ದ. ನನಗೇನೂ ಭಯ ಆಗಲಿಲ್ಲ, ಆದರೆ ನನ್ನ ಜೊತೆ ಸಾಕ್ಷಿಗೆ ಬಂದಿದ್ದ ಚೇಚಿ (ಮಲಯಾಳದಲ್ಲಿ ಅಕ್ಕ ಅಂತ), ಹದಿನೈದು ವರ್ಷದಿಂದ ನಮ್ಮ ಅಂಗಡಿಯಲ್ಲಿ ಪ್ಯಾಕಿಂಗ್ ಮಾಡುವವರು, ಸೆರಗು ತಲೆ ಮೇಲೆ ಎಳೆದುಕೊಂಡು ನನ್ನ ಬೆನ್ನ ಹಿಂದೆ ಸರಿದರು. ಇದಕ್ಕೆ ಒಂದು ಸ್ಟಾರ್ ಕಟ್. ಸಾಕ್ಷಿಗಳಿಗೆ ಬೇರೆ ಒಂದು ಬೆಂಚು ಹಾಕೋಕೆ ಎಷ್ಟು ಖರ್ಚಾಗುತ್ತದೆ?

ಸಾಕ್ಷಿಗೆ ಅಂತ ನಾಲ್ಕು ಸಲ ಹೋದೆ. ಮೊದಲ ಸಲ ಆರೋಪಿ ಪರ ವಕೀಲರು ಬಂದಿರಲಿಲ್ಲ. ಎರಡನೇ ಸಲ ವಕೀಲರು ಕಲಾಪ ಬಹಿಷ್ಕಾರ ಮಾಡಿದ್ದರು. ಮೂರನೇ ಸಲ ಸಾಹೇಬರು, ಅಂದರೆ ಮ್ಯಾಜಿಸ್ಟ್ರೇಟರು, ರಜೆ. ಮೂರೂ ಎಪಿಪಿ ತಪ್ಪಲ್ಲ, ಒಪ್ಪುತ್ತೇನೆ. ಆದರೆ ಮೂರೂ ಸಲ ಬೆಳಿಗ್ಗೆ ಶಟರ್ ಎಳೆದು, ಚೇಚಿಯನ್ನು ಕರೆದುಕೊಂಡು, ಹತ್ತೂವರೆಗೆ ಹೋಗಿ ಮಧ್ಯಾಹ್ನದವರೆಗೆ ಕಾದ ಮೇಲೇ ಗೊತ್ತಾದದ್ದು. ಎರಡನೇ ಸಲ ಹೋದಾಗ ಕಚೇರಿಯ ಅಟೆಂಡರ್ ನನ್ನ ಫೋನ್ ನಂಬರನ್ನು ಒಂದು ಹಳೇ ಲಕೋಟೆ ಹಿಂದೆ ಬರೆದುಕೊಂಡರು, "ಕೇಸ್ ಇಲ್ಲ ಅಂದ್ರೆ ಹಿಂದಿನ ದಿನಾನೇ ಹೇಳ್ತೇವೆ ಸಾರ್" ಅಂದರು. ಲಕೋಟೆ ಎಲ್ಲಿ ಹೋಯಿತೋ, ಫೋನಂತೂ ಬರಲಿಲ್ಲ. ಟೂರಿಸ್ಟ್ ಸೀಸನ್‌ನಲ್ಲಿ ಒಂದು ದಿನ ಬಾಗಿಲು ಹಾಕಿದರೆ ಎಷ್ಟು ಹೊಡೆತ ಅಂತ ಅಂಗಡಿ ಇಟ್ಟವರಿಗೆ ಗೊತ್ತು. ಕೂಲಿಯವರಿಗೆ ಇನ್ನೂ ಕಷ್ಟ. ಸಾಕ್ಷಿಗೆ ಬತ್ತಾ ಕೊಡುವ ವ್ಯವಸ್ಥೆ ಇದೆ, ಕೇಳಿ ಪಡೆಯಬೇಕು ಅಷ್ಟೆ. ಚೇಚಿಗೆ ಸಿಕ್ಕಿದ್ದು ಬಸ್ ಚಾರ್ಜಿಗೆ, ಎರಡು ಟೀಗೆ ಸಾಕಾಯಿತು.

ಈ ತೊಂದರೆ ತಪ್ಪಿಸಿಕೊಳ್ಳೋಕೆ ಒಂದು ದಾರಿ ಇದೆ, ನನಗೆ ತಡವಾಗಿ ಗೊತ್ತಾಯಿತು. ಇ-ಕೋರ್ಟ್ಸ್ ಆ್ಯಪ್ ಹಾಕಿಕೊಳ್ಳಿ. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಯ ಸಿಎನ್‌ಆರ್ ನಂಬರ್ ಇರುತ್ತದೆ, ಅದನ್ನು ಕೋರ್ಟ್ ಕೆಲಸ ನೋಡುವ ಪೊಲೀಸ್ ಪೇದೆ ಹತ್ತಿರ ಕೇಳಿ ಬರೆದುಕೊಂಡರೆ ಮುಂದಿನ ಡೇಟ್ ಮನೆಯಲ್ಲೇ ಕೂತು ನೋಡಬಹುದು. ಸಾಹೇಬರ ರಜೆ ಅದರಲ್ಲಿ ಗೊತ್ತಾಗುವುದಿಲ್ಲ, ಅದು ಬೇರೆ ಮಾತು.

ನಾಲ್ಕನೇ ಸಲ 2024ರ ಆಗಸ್ಟ್. ನಮ್ಮ ಕಡೆ ಆಗಸ್ಟ್ ಅಂದರೆ ಗೊತ್ತಲ್ಲ, ಕೊಡೆ ಹಿಡಿದರೂ ಮೊಣಕಾಲಿನವರೆಗೆ ನೆನೆಯುವ ಕಾಲ. ಅಷ್ಟರಲ್ಲಿ ಹಳೇ ಎಪಿಪಿ ವರ್ಗವಾಗಿ ವಿಜಯಪುರ ಕಡೆಯ ಮೇಡಂ ಬಂದಿದ್ದರು. ಸ್ವೆಟರ್ ಮೇಲೆ ಕಪ್ಪು ಕೋಟು, ಅದರ ಮೇಲೆ ಗೌನು, ಕೈಯಲ್ಲಿ ಬಿಸಿನೀರಿನ ಬಾಟಲಿ. ಪಾಪ, ಈ ಚಳಿ ಅವರಿಗೆ ಹೊಸದು. ಒಳಗೆ ಕರೆದು ಇದ್ದ ಒಂದು ಕುರ್ಚಿಯನ್ನು ಚೇಚಿಗೆ ಕೊಟ್ಟರು. ನನ್ನ ಕೈಗೆ ನನ್ನದೇ ದೂರಿನ ಪ್ರತಿ ಕೊಟ್ಟು "ನೀವ ಬರದದ್ದು, ಒಮ್ಮೆ ಸಾವಕಾಶ ಓದ್ರಿ" ಅಂದರು. ಒಂದೂವರೆ ವರ್ಷದ ಹಿಂದೆ ಬರೆದದ್ದು. ಓದಿದರೆ ಬೀಗದ ಕಂಪನಿ ಹೆಸರೂ ನಾನು ಬರೆದಿದ್ದೆ, ನನಗೆ ಪೂರ್ತಿ ಮರೆತೇಹೋಗಿತ್ತು.

ಆಮೇಲೆ ಮೇಡಂ ಹೇಳಿದ್ದು ಇಷ್ಟೇ. "ಕಂಡಿದ್ದು ಹೇಳ್ರಿ. ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ರಿ. ಆರೋಪಿ ವಕೀಲರು ಜೋರ್ ಮಾಡಿದ್ರ ಸಿಟ್ಟಿಗೆ ಬರಬ್ಯಾಡ್ರಿ, ನನ್ನ ಕಡೆ ನೋಡಬ್ಯಾಡ್ರಿ, ಸಾಹೇಬ್ರ ಕಡೆ ನೋಡಿ ಮಾತಾಡ್ರಿ." ಹೀಗೆ ಹೇಳಿ ಅಂತ ಒಂದು ಮಾತನ್ನೂ ಬಾಯಿಗೆ ತುರುಕಲಿಲ್ಲ. ಎಲ್ಲ ಸೇರಿ ಹದಿನೈದು ನಿಮಿಷ. ನನ್ನ ಪ್ರಕಾರ ಈ ಕಚೇರಿಯ ನಿಜವಾದ ಸೇವೆ ಅಂದರೆ ಆ ಹದಿನೈದು ನಿಮಿಷವೇ. ಬೇರೆ ಕೇಸಿಗೆ ಹೋಗಿದ್ದ ನನ್ನ ಸ್ನೇಹಿತನಿಗೆ ಅದೂ ಸಿಗಲಿಲ್ಲ, ನೇರ ಕಟಕಟೆ ಹತ್ತಿ ಬೆಬ್ಬೆಬ್ಬೆ ಅಂದು ಇಳಿದ. ಯಾವ ದಿನ, ಯಾವ ಎಪಿಪಿ, ಎಷ್ಟು ಕೇಸು ಅನ್ನೋದರ ಮೇಲೆ ಹೋಗುತ್ತದೆ ಇದು.

ಚೇಚಿಯದ್ದು ಇನ್ನೊಂದು ಕಥೆ. ಅವರ ಮನೆಮಾತು ಮಲಯಾಳ, ಕನ್ನಡ ಮಾತಾಡುತ್ತಾರೆ, ಆದರೆ ಗಾಬರಿಯಾದರೆ ಮಲಯಾಳವೇ ಬರೋದು. "ಪೂಟ್ಟು ಪೊಳಿಚ್ಚು" ಅಂದರು. ಮೇಡಂ "ಪೂಟ್ಟು ಅಂದ್ರ?" ಅಂತ ನನ್ನ ಮುಖ ನೋಡಿದರು. ಬೀಗ ಒಡೆದಿತ್ತು ಅಂತ ಮೇಡಂ, ಅಂದೆ. ಅವರು ತಕ್ಷಣ ಪೆನ್ಸಿಲ್‌ನಲ್ಲಿ ಫೈಲ್ ಅಂಚಿಗೆ ಬರೆದುಕೊಂಡರು, ಕೋರ್ಟಿನಲ್ಲಿ ಚೇಚಿ ಕಟಕಟೆ ಹತ್ತುವ ಮೊದಲೇ ಎದ್ದು ನಿಂತು ಸಾಕ್ಷಿಗೆ ಕನ್ನಡ ಅಷ್ಟಾಗಿ ಬರುವುದಿಲ್ಲ, ಭಾಷಾಂತರಕ್ಕೆ ಯಾರಾದರೂ ಬೇಕು ಅಂದರು. ಮಲಯಾಳ ಬಲ್ಲ ಸಿಬ್ಬಂದಿಯೊಬ್ಬರು ಬಂದರು. ಕೊಡವ, ಅರೆಭಾಷೆ, ಮಲಯಾಳ, ತಮಿಳು, ಯರವ, ತೋಟಕ್ಕೆ ಬಂದ ಅಸ್ಸಾಂ ಜನರ ಮಾತು, ಇಷ್ಟೆಲ್ಲ ಇರುವ ಟೌನಿನಲ್ಲಿ ಈ ಬುದ್ಧಿ ಎಲ್ಲರಿಗೂ ಇರಬೇಕಿತ್ತು. ಇದ್ದದ್ದು ದೂರದ ಬಿಸಿಲೂರಿನಿಂದ ಬಂದವರಿಗೆ.

ಇನ್ನು ಮೂಟೆ ವಿಷಯ. ನಾನು ಮೂಟೆ ಬಾಯಿಗೆ ಯಾವಾಗಲೂ ಹಸಿರು ನೈಲಾನ್ ದಾರದಲ್ಲಿ ಅಡ್ಡಹೊಲಿಗೆ ಹಾಕಿ ಕೊನೆಗೆ ಮೂರು ಗಂಟು ಬಿಡುತ್ತೇನೆ. ಗುರುತು ಹಿಡಿಯಬೇಕಾದದ್ದು ಅದನ್ನೇ. ಪೊಲೀಸರು ಸಿಕ್ಕಿದ ಮೂಟೆಯನ್ನು ಮುದ್ದೆಮಾಲು (ಕೇಸಿನಲ್ಲಿ ವಶಪಡಿಸಿದ ವಸ್ತು) ಅಂತ ಹೊತ್ತು ತಂದು ಕೋರ್ಟ್ ಹಾಲಿನ ನಡುವೆ ಇಟ್ಟರು. ದಾರ ನನ್ನದೇ, ಮೂರು ಗಂಟೂ ಇದ್ದವು. ವಾಸನೆ ಮಾತ್ರ ಮೆಣಸಿನದ್ದಲ್ಲ. ಎರಡು ಮಳೆಗಾಲ ಠಾಣೆಯ ಕೋಣೆಯಲ್ಲಿ ಕಳೆದ ಮೂಟೆ ಅದು. ಬೂದಿ ಬಣ್ಣದ ಬೂಷ್ಟು ಗೋಣಿಯ ಹೊರಗೂ ಬಂದಿತ್ತು, ಟೈಪ್ ಮಾಡುತ್ತಿದ್ದ ಹುಡುಗಿ ಮೂಗು ಮುಚ್ಚಿಕೊಂಡಳು. ಆ ಹೊತ್ತಿಗೆ ಮಾರ್ಕೆಟ್ಟಿನಲ್ಲಿ ಮೆಣಸು ಆರುನೂರು ದಾಟಿತ್ತು.

ಹೊರಗೆ ಬಂದ ಮೇಲೆ ಮೇಡಂ ಕೇಳಿದರು, "ಮೊದಲ ಅರ್ಜಿ ಹಾಕಿ ಬಿಡಿಸಿಕೊಂಡು ಹೋಗಬೇಕಿತ್ತಲ್ರೀ?" ಅರ್ಜಿ ಹಾಕಬಹುದು ಅಂತ ನನಗೆ ಹೇಳಿದವರು ಯಾರು? ಠಾಣೆಯಲ್ಲಿ "ಕೇಸ್ ಮುಗೀಲಿ" ಅಂದಿದ್ದರು, ನಾನೂ ಸುಮ್ಮನಾಗಿದ್ದೆ. ಆಮೇಲೆ ಗೊತ್ತಾಯಿತು, 2002ರಲ್ಲೇ ಸುಪ್ರೀಂ ಕೋರ್ಟ್ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಕೇಸಿನಲ್ಲಿ ವಶಪಡಿಸಿದ ಮಾಲನ್ನು ಠಾಣೆಯಲ್ಲಿ ಕೊಳೆಯಲು ಬಿಡಬೇಡಿ, ಫೋಟೋ ತೆಗೆದು, ಬಾಂಡ್ ಬರೆಸಿಕೊಂಡು ಬೇಗ ಕೊಟ್ಟುಬಿಡಿ ಅಂತ ಹೇಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಸೆಕ್ಷನ್‌ನಲ್ಲಂತೂ ಮಾಲಿನ ಪಟ್ಟಿ ಮಾಡೋಕೆ 14 ದಿನ, ಆಮೇಲೆ ವಿಲೇವಾರಿಗೆ 30 ದಿನ ಅಂತ ಗಡುವೇ ಇದೆ. ಅದೇ ಸಂಹಿತೆಯಲ್ಲಿ ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಪೊಲೀಸರೇ ದೂರುದಾರರಿಗೆ ತಿಳಿಸಬೇಕು. ಸರ್ಕಾರ ಕೇಸು ವಾಪಸ್ ತೆಗೆದುಕೊಳ್ಳುವುದಾದರೆ ನೊಂದವರ ಮಾತು ಕೇಳದೆ ಕೋರ್ಟು ಒಪ್ಪುವ ಹಾಗಿಲ್ಲ. ಇದೆಲ್ಲ ಒಂದು ಬೋರ್ಡ್ ಮೇಲೆ ಬರೆದು ಆ ವರಾಂಡದ ಗೋಡೆಗೆ ಹಾಕಿದ್ದರೆ ನನ್ನ ಮೆಣಸು ಉಳಿಯುತ್ತಿತ್ತು. ಈಗ ಆ ಗೋಡೆ ಮೇಲೆ ಇರೋದು ಉಗುಳಬೇಡಿ ಅನ್ನುವ ಬೋರ್ಡ್ ಒಂದೇ.

ಪಾಟಿ ಸವಾಲಿನಲ್ಲಿ ಆರೋಪಿ ಪರ ವಕೀಲರು ನನ್ನನ್ನು ಚೆನ್ನಾಗಿಯೇ ಬೆಂಡೆತ್ತಿದರು. ಮೆಣಸಿಗೆ ಬಿಲ್ ಇದೆಯಾ ಅಂದರು. ತೋಟದವರ ಹತ್ತಿರ ಚಿಲ್ಲರೆಯಾಗಿ ಕೊಂಡದ್ದು, ಬಿಲ್ ಎಲ್ಲಿಂದ ಬರಬೇಕು? ಹಸಿರು ದಾರ ಬೇರೆ ಅಂಗಡಿಯಲ್ಲೂ ಸಿಗುತ್ತದೆ ಅಲ್ವಾ ಅಂದರು. ಸಿಗುತ್ತದೆ ಅಂದೆ. ನಡುವೆ ಕರೆಂಟ್ ಹೋಗಿ ಯುಪಿಎಸ್ ಕುಂಯ್‌ಗುಟ್ಟಿತು, ಆ ಐದು ನಿಮಿಷ ನನಗೆ ಉಸಿರು ಬಿಡೋಕೆ ಸಿಕ್ಕಿತು.

ಕೊನೆಗೆ ಕೇಸು ಬಿದ್ದುಹೋಯಿತು. ಮೂಟೆ ವಶಪಡಿಸಿದ್ದಕ್ಕೆ ಪೊಲೀಸರು ಬರೆದ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದ್ದ ಪಂಚರಲ್ಲಿ ಒಬ್ಬರು ನಮ್ಮ ಎದುರಿನ ಸ್ಟ್ಯಾಂಡಿನ ಆಟೋದವರು. ಠಾಣೆಯಲ್ಲಿ ಸಹಿ ಹಾಕಿಸಿಕೊಂಡರು, ಮೂಟೆ ನಾನು ನೋಡಿಯೇ ಇಲ್ಲ ಅಂದುಬಿಟ್ಟರು. ಮೇಡಂ ಅವರನ್ನು ಪ್ರತಿಕೂಲ ಸಾಕ್ಷಿ ಅಂತ ಮಾಡಿ ಅರ್ಧ ಗಂಟೆ ಪ್ರಶ್ನೆ ಹಾಕಿದರು, ಏನೂ ಬರಲಿಲ್ಲ. ನನಗೆ ಆ ಮನುಷ್ಯನ ಮೇಲೆ ಕೋಪ ಇಲ್ಲ ಅಂದರೆ ಸುಳ್ಳು, ಆದರೆ ಅವನೂ ಆರೋಪಿಯ ಅಮ್ಮನೂ ಒಂದೇ ಲೈನಿನ ಮನೆಗಳಲ್ಲಿ ಇರುವವರು, ದಿನಾ ಒಂದೇ ನಲ್ಲಿಯಲ್ಲಿ ನೀರು ಹಿಡಿಯುವವರು. ಇಷ್ಟು ಚಿಕ್ಕ ಟೌನಿನಲ್ಲಿ ಸಾಕ್ಷಿ ಹೇಳೋದು ಬೆಂಗಳೂರಿನಲ್ಲಿ ಹೇಳಿದ ಹಾಗಲ್ಲ. ಇಬ್ಬರೂ ಬಿಡುಗಡೆಯಾದರು. ತೀರ್ಪು ಬಂದದ್ದು ನನಗೆ ಆ್ಯಪ್‌ನಲ್ಲಿ ಗೊತ್ತಾಯಿತು. ಕಚೇರಿಯಿಂದ ಯಾರೂ ಹೇಳಲಿಲ್ಲ, ಲಕೋಟೆ ಹಿಂದಿನ ನಂಬರು ಇನ್ನೂ ಎಲ್ಲೋ ಬಿದ್ದಿರಬೇಕು. ನಾನೇ ಹೋಗಿ ಕೇಳಿದಾಗ ಮೇಡಂ ಎದ್ದು ನಿಂತು ಮಾತಾಡಿದರು. ನೊಂದವರು ತಾವೇ ಅಪೀಲು ಹಾಕಬಹುದು, 2009ರ ತಿದ್ದುಪಡಿಯಿಂದ ಆ ಹಕ್ಕು ಇದೆ, ಬೇಕಾದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ 15100ಕ್ಕೆ ಫೋನ್ ಮಾಡಿ ವಿಚಾರಿಸಿ ಅಂದರು. ನನಗೆ ಸಾಕಾಗಿತ್ತು, ಬೇಡ ಅಂದೆ.

ಸ್ಟಾರ್ ಲೆಕ್ಕ: ಐದಕ್ಕೆ ಮೂರು. ಮೇಡಂ ಒಬ್ಬರಿಗೇ ಆದರೆ ನಾಲ್ಕೂವರೆ. ಹೋಗುವವರು ಕೊಡೆ, ದೂರಿನ ಪ್ರತಿ, ಮೊಬೈಲ್ ಚಾರ್ಜರ್ ಇಟ್ಟುಕೊಳ್ಳಿ. ಸಂತೆ ದಿನ ಡೇಟ್ ಬಿದ್ದರೆ ಗಾಡಿ ದೂರದಲ್ಲೇ ನಿಲ್ಲಿಸಿ ನಡೆದುಕೊಂಡು ಹೋಗಿ. ಗೇಟಿನ ಎದುರಿನ ಕ್ಯಾಂಟೀನಿನಲ್ಲಿ ಶುಂಠಿ ಟೀ ಚೆನ್ನಾಗಿರುತ್ತದೆ, ವಡೆ ಹನ್ನೊಂದರೊಳಗೆ ಖಾಲಿ.

ಅಪೀಲಿನ ಅವಧಿ ಮುಗಿದ ಮೇಲೆ ಮೂಟೆ ವಾಪಸ್ ಕೊಟ್ಟರು, ಸಹಿ ಹಾಕಿ ತಂದೆ. ಮೆಣಸನ್ನು ಗುಂಡಿ ತೋಡಿ ಹೂತೆವು. ಗೋಣಿ ಒಗೆದು ಒಣಗಿಸಿದ್ದು ಚೇಚಿ. ಹಸಿರು ದಾರ ಬಿಚ್ಚಿ ಸುತ್ತಿಟ್ಟುಕೊಂಡಿದ್ದಾರೆ, "ಇದು ಗಟ್ಟಿ ಉಂಟು, ಇನ್ನೊಂದು ಮೂಟೆಗೆ ಆಗ್ತದೆ" ಅಂತ.