ಗ್ರ್ಯಾಂಡ್ ಟರ್ಕ್‌ನಲ್ಲಿ ಒಂದು ಬೆಳಗ್ಗೆ: ಬಂದರಿನ ಬೀಚೋ, ಗವರ್ನರ್ಸ್ ಬೀಚೋ?

ಕೆರಿಬಿಯನ್ ಕ್ರೂಸ್‌ನಲ್ಲಿ ಗ್ರ್ಯಾಂಡ್ ಟರ್ಕ್ ದ್ವೀಪದ ನಿಲ್ದಾಣವಿದ್ದರೆ ಟೂರ್ ಬುಕ್ ಮಾಡಲೇಬೇಕೆಂದಿಲ್ಲ. ಹಡಗಿನಿಂದ ಇಳಿದು ಉದ್ದನೆಯ ಕಟ್ಟೆ ದಾಟಿದರೆ ಪಕ್ಕದಲ್ಲೇ ಬೀಚ್. ಅಲ್ಲಿಂದ ಉತ್ತರಕ್ಕೆ ಸ್ವಲ್ಪ ನಡೆದರೆ ಗವರ್ನರ್ಸ್ ಬೀಚ್. ಮೊದಲ ಸಲ ಬಂದರಿನಲ್ಲೇ ಉಳಿದೆವು. ಎರಡನೇ ಸಲ ಕುಮಟೆಯಿಂದ ಬಂದಿದ್ದ ಆಯಿಯನ್ನು ಕರೆದುಕೊಂಡು ಗವರ್ನರ್ಸ್ ಬೀಚಿಗೆ ಹೋದೆವು. ಇನ್ನೊಮ್ಮೆ ಹೋದರೂ ನಾನು ನಡೆಯುವುದು ಆ ಕಡೆಗೇ.

ಬಂದರಿನ ಬೀಚಿನಲ್ಲಿ ಅನುಕೂಲಕ್ಕೆ ಕೊರತೆಯಿಲ್ಲ. 2006ರಲ್ಲಿ ಕ್ರೂಸ್ ಹಡಗುಗಳಿಗೆಂದೇ ಕಟ್ಟಿದ ಜಾಗ ಅದು. ಮಲಗುವ ಕುರ್ಚಿಗೆ ದುಡ್ಡು ಕೊಡಬೇಕಿಲ್ಲ. ಶೌಚಾಲಯ, ಊಟ, ಈಜುಕೊಳ ಎಲ್ಲ ಹತ್ತಿರ. ಪುಟ್ಟ ಮಕ್ಕಳಿದ್ದವರು ಬೇರೆ ಕಡೆ ನೋಡುವುದೇ ಬೇಡ. ಆದರೆ ನೆರಳು ಬೇಕೆಂದರೆ ಬಾಡಿಗೆ. ಒಂದೇ ದಿನ ಎರಡು ಹಡಗು ನಿಂತರಂತೂ ತಡವಾಗಿ ಬಂದವರಿಗೆ ಕುರ್ಚಿ ಸಿಗುವುದು ಕಷ್ಟ. ನಾವು ಹೋದ ದಿನ ಸ್ಪೀಕರಿನ ಹಾಡು ನಿಲ್ಲಲೇ ಇಲ್ಲ, ಅಲೆಯ ಸದ್ದು ಕಿವಿಗೆ ಬೀಳಲಿಲ್ಲ. ನೀರಿಗಿಳಿಯುವಲ್ಲಿ ಕಾಲಿಗೆ ಕಲ್ಲೂ ಸಿಕ್ಕವು.

ಗವರ್ನರ್ಸ್ ಬೀಚಿಗೆ ಆ ಹೆಸರು ಬಂದದ್ದು ಹಿಂದಿರುವ ‘ವಾಟರ್‌ಲೂ’ ಬಂಗಲೆಯಿಂದ. 1815ರಲ್ಲಿ ಕಟ್ಟಿದ ಅದು ಗವರ್ನರ್ ನಿವಾಸ. ದಾರಿಯಲ್ಲಿ ನೆರಳು ಕಡಿಮೆ, ಟೋಪಿ ಬೇಕೇ ಬೇಕು. ಹಿಂದೆ ಉಪ್ಪಿನ ಗಾಡಿ ಎಳೆಯುತ್ತಿದ್ದ ಕತ್ತೆಗಳ ಸಂತತಿ ಈ ದ್ವೀಪದಲ್ಲಿ ಇವತ್ತಿಗೂ ಅಡ್ಡಾಡಿಕೊಂಡಿದೆ. ನಮಗೂ ರಸ್ತೆ ಬದಿಯಲ್ಲಿ ಎರಡು ಸಿಕ್ಕವು. ಮಂಡಿನೋವಿದ್ದವರು ಟ್ಯಾಕ್ಸಿ ಹಿಡಿಯಿರಿ. ಅಮೆರಿಕನ್ ಡಾಲರೇ ಅಲ್ಲಿಯ ಹಣ, ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ.

ದಡದುದ್ದಕ್ಕೂ ಗಾಳಿಮರ. ಆಯಿ ಮರಳಿನಿಂದ ಒಂದು ಮುಳ್ಳುಮುಳ್ಳು ಕಾಯಿ ಎತ್ತಿ, ಬೆರಳಲ್ಲಿ ತಿರುಗಿಸಿ ನೋಡಿ, “ಇದು ನಮ್ಮ ಗಾಳಿಮರವೇ ಅಲ್ಲವೇನೋ!” ಅಂದಳು. ಹೌದು, ಅದೇ. ಆಸ್ಟ್ರೇಲಿಯಾ ಕಡೆಯ ಮರ, ನಮ್ಮ ಕರಾವಳಿಗೂ ಬಂತು, ಇಲ್ಲಿಗೂ ಬಂತು. ಮರಳು ಮಾತ್ರ ನಮ್ಮ ಕಡೆಯದಲ್ಲ: ಹವಳ, ಚಿಪ್ಪು ಸವೆದು ಆದ ಬಿಳಿ ಮರಳು. ಎದೆಮಟ್ಟದ ನೀರಿನಲ್ಲಿ ನಿಂತರೂ ಕಾಲ್ಬೆರಳು ಎಣಿಸಬಹುದು.

ಬೆಳಗ್ಗೆಯೇ ಹೋಗಿ ಎನ್ನುವುದಕ್ಕೆ ಕಾರಣವಿದೆ. ಬೀಚ್ ಪಶ್ಚಿಮಕ್ಕೆ ಮುಖ ಮಾಡಿದೆ, ಮರಗಳು ಪೂರ್ವಕ್ಕಿವೆ. ಹಾಗಾಗಿ ಬೆಳಗಿನ ನೆರಳು ಸಮುದ್ರದ ಕಡೆಗೆ ಚಾಚುತ್ತದೆ. ಇಲ್ಲಿ ಬೀಸುವುದು ಹೆಚ್ಚಾಗಿ ಮೂಡಣ ಗಾಳಿ; ದ್ವೀಪವೇ ಅಡ್ಡ ನಿಲ್ಲುವುದರಿಂದ ಈ ಬದಿಯ ನೀರು ಕೆರೆಯಂತೆ ಶಾಂತ. ಈಜು ಬಾರದ ಆಯಿ ಸೀರೆ ಎತ್ತಿ ಕಟ್ಟಿಕೊಂಡು ಮೊಣಕಾಲು ನೀರಿನಲ್ಲಿ ಅರ್ಧ ಗಂಟೆ ನಿಂತಿದ್ದಳು.

ಕುಡಿಯುವ ನೀರು, ತಿಂಡಿ ಕಟ್ಟಿಕೊಂಡೇ ಹೋಗಿ. ವಾಚನ್ನು ಹಡಗಿನ ಸಮಯಕ್ಕೇ ಇಟ್ಟುಕೊಳ್ಳಿ. ಹನ್ನೊಂದೂವರೆಗೆಲ್ಲ ನೆರಳು ಮರದ ಬುಡಕ್ಕೆ ಸರಿದಿತ್ತು. ಆಯಿ ಮೂರನೇ ಸಲ ಟವೆಲ್ ಎಳೆದು ಬುಡಕ್ಕೆ ಒರಗಿ ಕೂತಳು. “ಇನ್ನು ಹತ್ತು ನಿಮಿಷ ಕೂರುವ ಮಾರಾಯ” ಅಂದಳು.