ಗೆಟ್ಟಿಸ್‌ಬರ್ಗ್ ರಣಭೂಮಿಯ ಗೈಡ್ ಸೇವೆ: ಜರ್ಮನ್ ಸಿಪಾಯಿಗಳ ಜಾಡಿನಲ್ಲಿ

ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಒಕ್ಕೂಟ ಸೇನೆಯೂ ದಕ್ಷಿಣದ ಬಂಡಾಯ ಸೇನೆಯೂ ಸೆಣಸಿದ ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್ ರಣಭೂಮಿಯನ್ನು ನೋಡಲು ಹೋಗುವವರು ಅಲ್ಲಿನ ಪರವಾನಗಿ ಪಡೆದ ಗೈಡ್ ಒಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಲೇಸು. 1915ರಿಂದ ನಡೆದುಬಂದಿರುವ ಈ ವ್ಯವಸ್ಥೆಯಲ್ಲಿ ಕಠಿಣ ಪರೀಕ್ಷೆ ಪಾಸು ಮಾಡಿದವರಿಗಷ್ಟೇ ಪರವಾನಗಿ ದೊರೆಯುತ್ತದೆ. ಗೈಡ್ ನಮ್ಮ ಕಾರನ್ನೇ ತಾವು ಓಡಿಸುತ್ತ ಸುಮಾರು ಎರಡು ಗಂಟೆ ಸುತ್ತಾಡಿಸುತ್ತಾರೆ. ಸ್ಟಿಯರಿಂಗನ್ನು ಅಪರಿಚಿತರ ಕೈಗೊಪ್ಪಿಸಲು ಮೊದಲಿಗೆ ಮನಸ್ಸು ಹಿಂಜರಿಯುವುದು ನಿಜ. ಆದರೆ ನಮ್ಮ ಕಣ್ಣು ರಸ್ತೆಯನ್ನು ಬಿಟ್ಟು ಬಯಲಿನ ಮೇಲೆ ನೆಡಲು ಅದರಿಂದಲೇ ಅನುಕೂಲವಾಗುತ್ತದೆ.

ಸಾಮಾನ್ಯ ಸುತ್ತಿನಲ್ಲಿ ಲಿಟಲ್ ರೌಂಡ್ ಟಾಪ್ ಗುಡ್ಡಕ್ಕೂ ದಕ್ಷಿಣದ ಜನರಲ್ ಪಿಕೆಟ್‌ನ ದಾಳಿಗೂ ಹೆಚ್ಚು ಸಮಯ ಸಲ್ಲುತ್ತದೆ. ನಮಗೆ ಬೇಕಾಗಿದ್ದುದು 1863ರ ಜುಲೈ 1ರಂದು ಊರಿನ ಉತ್ತರಕ್ಕೆ ಕಾದಾಡಿದ, ಒಕ್ಕೂಟ ಸೇನೆಯ ಹನ್ನೊಂದನೆಯ ಕೋರ್ ಎಂಬ ದೊಡ್ಡ ದಳದ ಜರ್ಮನ್ ವಲಸಿಗರ ಕಥೆಯಾದ್ದರಿಂದ, ಅದನ್ನು ಕಾಯ್ದಿರಿಸುವಾಗಲೇ ತಿಳಿಸಿದ್ದೆವು. ಗೈಡ್ ನೇರವಾಗಿ ಹೋವರ್ಡ್ ಅವೆನ್ಯೂಗೆ ಕರೆದೊಯ್ದು, 26ನೆಯ ವಿಸ್ಕಾನ್ಸಿನ್ ಪದಾತಿ ರೆಜಿಮೆಂಟಿನ ಸ್ಮಾರಕದ ಬಳಿ ಕಾರು ನಿಲ್ಲಿಸಿದರು.

ಮಿಲ್ವಾಕಿಯಲ್ಲಿ 1862ರಲ್ಲಿ ಕಟ್ಟಿದ ಈ ರೆಜಿಮೆಂಟಿನಲ್ಲಿ ಬಹುಪಾಲು ಜರ್ಮನರೇ ಇದ್ದರು. ಅವರು ಕಂಡ ಮೊದಲ ಯುದ್ಧ 1863ರ ಮೇ ತಿಂಗಳಲ್ಲಿ ವರ್ಜೀನಿಯಾದಲ್ಲಿ ನಡೆದ ಚಾನ್ಸಲರ್ಸ್‌ವಿಲ್ ಕದನ. ಅಲ್ಲಿ ದಕ್ಷಿಣದ ಜನರಲ್ ಜಾಕ್ಸನ್‌ನ ಪಡೆ ಸಂಜೆಯ ಹೊತ್ತು, ಈ ಕೋರ್ ನಿಂತಿದ್ದ ಬಲಪಾರ್ಶ್ವದ ಮೇಲೆ ಎರಗಿತು. ಶತ್ರು ಬರುತ್ತಿರುವ ಸುಳಿವನ್ನು ಮೇಲಧಿಕಾರಿಗಳು ಕಡೆಗಣಿಸಿದ್ದರೂ, ಪತ್ರಿಕೆಗಳು ಓಡಿಹೋದ ಜರ್ಮನರೆಂದು ಇಡೀ ಕೋರ್‌ಗೆ ಹಣೆಪಟ್ಟಿ ಹಚ್ಚಿದವು. ಅದೇ ಕಳಂಕವನ್ನು ಹೊತ್ತು ಅವರು ಎರಡು ತಿಂಗಳ ನಂತರ ಇಲ್ಲಿಗೆ ಬಂದಿದ್ದರು.

ಈ ಸೇವೆಗೆ ಕೊಟ್ಟ ಹಣ ಸಾರ್ಥಕವೆನಿಸಿದ್ದು ಇಲ್ಲಿಯೇ. ಊರಿಗೆ ಬೆನ್ನು ಮಾಡಿ ನಿಲ್ಲಿರೆಂದು ಹೇಳಿದ ಗೈಡ್, ಮುಂದಿರುವ ದಿಣ್ಣೆಯತ್ತ ಕೈ ತೋರಿಸಿದರು. ಇದೇ ಕೋರ್‌ನ ಜನರಲ್ ಬಾರ್ಲೋ ತನ್ನ ಡಿವಿಷನ್ನನ್ನು ಅಲ್ಲಿಯವರೆಗೆ ಮುಂದೊತ್ತಿದ್ದರಿಂದ ಬಲಪಾರ್ಶ್ವ ಬರಿದಾಗಿ ಉಳಿಯಿತು, ಹ್ಯಾರಿಸ್‌ಬರ್ಗ್ ರಸ್ತೆಯ ಕಡೆಯಿಂದ ಬಂದ ದಕ್ಷಿಣದ ಜನರಲ್ ಅರ್ಲಿಯ ಪಡೆಗೆ ದಾರಿ ತೆರೆದಂತಾಯಿತು. ನಕ್ಷೆಯಲ್ಲಿ ಬರೀ ಬಾಣದ ಗುರುತಾಗಿ ಕಾಣುವ ಈ ಸಂಗತಿ, ಆತುಕೊಳ್ಳಲು ಎತ್ತರದ ನೆಲವಿಲ್ಲದ ಆ ಸಪಾಟು ಬಯಲಿನಲ್ಲಿ ನಿಂತಾಗ ಕ್ಷಣದಲ್ಲಿ ಅರ್ಥವಾಗುತ್ತದೆ. ಬಾರ್ಲೋನ ಎಡಬದಿಗೆ ನೆರವಾಗಲೆಂದು ಧಾವಿಸಿದ ವಿಸ್ಕಾನ್ಸಿನ್ನಿನ ಇದೊಂದೇ ರೆಜಿಮೆಂಟು ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಕಳೆದುಕೊಂಡಿತು. ಜರ್ಮನನಲ್ಲದ ಬಾರ್ಲೋ ಮಾತ್ರ ಮುಂದೆ ತನ್ನ ಪತ್ರಗಳಲ್ಲಿ ಜರ್ಮನ್ ಸೈನಿಕರನ್ನೇ ಹಳಿದ!

ಊರೊಳಗಿನ ಬಾಲ್ಟಿಮೋರ್ ಬೀದಿಯಲ್ಲಿ ಅದೇ ಕೋರ್‌ನ ಜರ್ಮನ್ ವಲಸಿಗ ಜನರಲ್ ಶಿಮ್ಮೆಲ್‌ಫೆನ್ನಿಗ್ ಅಡಗಿ ಕುಳಿತ ಹಿತ್ತಿಲಿನ ಪ್ರಸಂಗವೂ ಉಂಟು. ಪ್ರಷ್ಯಾದ ಸೇನೆಯಲ್ಲಿದ್ದು, ಬಳಿಕ ಜರ್ಮನಿಯ 1849ರ ಕ್ರಾಂತಿಯಲ್ಲಿ ಹೋರಾಡಿದ್ದ ಈತ ಹಿಮ್ಮೆಟ್ಟುವಾಗ ದಾರಿ ಮುಚ್ಚಿಹೋದುದರಿಂದ, ಗಾರ್ಲಾಕ್ ಕುಟುಂಬದ ಹಿತ್ತಿಲಿನ ಸೌದೆ ರಾಶಿಯ ಮರೆಯಲ್ಲಿ ಜುಲೈ 4ರವರೆಗೆ ಕಳೆದ. ರಂಜಕ ಕಥೆಯೇನೋ ಹೌದು; ಆದರೆ ಹೇಡಿತನದ ಆ ಹಳೆಯ ಅಪವಾದಕ್ಕೆ ಇದೇ ಪುರಾವೆಯೆಂಬಂತೆ ಬಳಕೆಯಾಯಿತೆಂಬುದನ್ನು ನೆನೆದರೆ ನಗು ಬರುವುದಿಲ್ಲ.

ಉತ್ತರದ ಬಯಲು, ಊರೊಳಗಿನ ಬೀದಿಗಳು, ಸೈನಿಕರು ಕೊನೆಗೆ ಬಂದು ನಿಂತ ಸೆಮೆಟರಿ ಹಿಲ್, ಇಷ್ಟನ್ನೂ ನೋಡಲು ಎರಡು ಗಂಟೆ ಸಾಲದು. ಹೆಚ್ಚುವರಿ ಸಮಯಕ್ಕೆ ಮುಂಚೆಯೇ ಹೇಳಿಟ್ಟು, ಬಾಲ್ಟಿಮೋರ್ ಬೀದಿಯನ್ನು ಆಮೇಲೆ ನೀವೇ ನಡೆದು ನೋಡುವುದು ಒಳ್ಳೆಯದು. ಬಯಲಿನಲ್ಲಿ ನೆರಳು ಕಡಿಮೆ; ಬೇಸಿಗೆಯಲ್ಲಾದರೆ ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಿ.