ಬಾಡಿಗೆ ಅಂಗಡಿ ರಿಪೇರಿಗೆ ಎಷ್ಟಾಗುತ್ತೆ? ಮೂರು ಥರ ಲೆಕ್ಕ ಹಾಕಿ ನೋಡಿದೆ

ದಾವಣಗೆರೆಯಲ್ಲಿ ಮೊದಲ ಬೇಕರಿ ಹಾಕಿದಾಗ ಚದರಡಿ ಲೆಕ್ಕಕ್ಕೆ ಕೆಲಸ ಕೊಟ್ಟು ಕೈ ಸುಟ್ಟುಕೊಂಡೆ. ಎರಡನೆಯದಕ್ಕೆ ಐಟಂ ಲೆಕ್ಕ. ಅದರ ಹಿಂದಿನ ಅಡುಗೆ ಕೋಣೆಗೆ ಮಾತ್ರ ಸಾಮಾನು ನನ್ನದು, ಕೂಲಿ ಬೇರೆ. ಈಗಲೇ ಹೇಳಿಬಿಡುತ್ತೇನೆ, ನನ್ನ ಓಟು ಐಟಂ ಲೆಕ್ಕಕ್ಕೆ.

ಚದರಡಿ ಲೆಕ್ಕ ಕೇಳೋಕೆ ಚೆಂದ. 'ಚದರಡಿಗೆ 1,100 ಸಾರ್, ನೀವು ಬಂದು ಶಟರ್ ಎತ್ತಿದ್ರೆ ಸಾಕು' ಅಂದರು ಕಂಟ್ರಾಕ್ಟರ್. ಬಾಡಿಗೆ ಕರಾರಿನಲ್ಲಿ 400 ಚದರಡಿ ಇತ್ತು, 4,40,000 ಆಯಿತು. ಎಲ್ಲಾ ಮುಗಿದ ಮೇಲೆ ಸುಮ್ನೆ ಟೇಪ್ ಹಿಡಿದೆ. ಒಳಗೆ 20 ಅಡಿ, 16 ಅಡಿ. ಅಂದರೆ 320! ಉಳಿದ 80 ಚದರಡಿ ಮೆಟ್ಟಿಲು, ಪ್ಯಾಸೇಜು, ಗೋಡೆಯ ದಪ್ಪ. ಇಲ್ಲದ ಜಾಗಕ್ಕೆ 88,000 ಕೊಟ್ಟಿದ್ದೆ. ಅದರ ಮೇಲೆ 18% ಜಿಎಸ್‌ಟಿ ಬೇರೆ. ಹಳೆ ಟೈಲ್ಸ್ ಕಿತ್ತ ಮಣ್ಣು ಸಾಗಿಸಿದ ಟ್ರ್ಯಾಕ್ಟರ್ ಬಾಡಿಗೆಯೂ ನನ್ನ ತಲೆಗೇ ಬಂತು.

ಐಟಂ ಲೆಕ್ಕದಲ್ಲಿ ಸೀಲಿಂಗ್ ಚದರಡಿಗೆ, ಕೌಂಟರ್ ರನ್ನಿಂಗ್ ಅಡಿಗೆ (ಉದ್ದ ಮಾತ್ರ ಅಳೆಯೋದು), ಲೈಟು ಪಾಯಿಂಟಿಗೆ, ಪೇಂಟು ಗೋಡೆಯ ಅಳತೆಗೆ. ಐದು ಪುಟ, ಓದೋಕೆ ಬೇಜಾರು. ಆದರೆ ಜಾಗ ನಮ್ಮದಲ್ಲ, ಅಲ್ವಾ? ಪ್ರತಿ ಸಾಲಿನ ಪಕ್ಕ 'ಹೊ' ಇಲ್ಲ 'ಬಿ' ಅಂತ ಬರೆದೆ. ಹೊತ್ತೊಯ್ಯುವಂಥದ್ದು, ಬಿಟ್ಟು ಹೋಗುವಂಥದ್ದು. ಬಿಟ್ಟು ಹೋಗೋದೇ 1,80,000 ಬಂತು. ಕರಾರು 36 ತಿಂಗಳು. ಬಾಡಿಗೆ ತಿಂಗಳಿಗೆ 5,000 ಜಾಸ್ತಿ ಆದ ಹಾಗೆ! ಆಗಲೇ ಹೊಸ ಟೈಲ್ಸ್ ಸಾಲಿಗೆ ಗೀಟು ಹಾಕಿ, ಹಳೆ ನೆಲದ ಮೇಲೆ ವಿನೈಲ್ ಹಾಸಿದೆ. ಗೋಡೆಗೆ ಹೊಡೆಯುವ ಶೆಲ್ಫ್ ಬದಲು ನಿಲ್ಲಿಸುವ ರ್‍ಯಾಕ್ ತಂದೆ.

ಕೂಲಿ ಲೆಕ್ಕದಲ್ಲಿ ಸಾಮಾನು ನಾವೇ ಆರಿಸಬಹುದು, ಅದೊಂದು ಸುಖ. ಬಡಗಿ 10 ಶೀಟು ಪ್ಲೈವುಡ್ ಸಾಕು ಅಂದ, 13 ಹೋಯಿತು.

ಈಗ ನನ್ನ ನಿದ್ದೆ ಕೆಡಿಸಿದ ವಿಷಯ. ಕರೆಂಟು. ಎರಡನೇ ಅಂಗಡಿಗೆ ಮಂಜೂರಾಗಿದ್ದು 2 ಕಿಲೋವ್ಯಾಟ್, ಸಿಂಗಲ್ ಫೇಸ್. ನನ್ನ ಓವನ್‌ಗೆ 9 ಕಿಲೋವ್ಯಾಟ್, ತ್ರೀ ಫೇಸ್ ಬೇಕು. ಒಳಗಿನ ವೈರಿಂಗ್ ಎಲ್ಲರ ಲೆಕ್ಕದಲ್ಲೂ ಇತ್ತು, ಮೀಟರ್ ಆಚೆಗಿನ ಖರ್ಚು ಯಾರದರಲ್ಲೂ ಇರಲಿಲ್ಲ. ಐಟಂ ಪಟ್ಟಿಯ ಕೊನೆಯಲ್ಲಿ ಮಾತ್ರ 'ಲೋಡ್ ಹೆಚ್ಚಿಸುವುದು ಸೇರಿಲ್ಲ' ಅಂತ ಒಂದು ಸಾಲಿತ್ತು. ನಾನೇ ಅದನ್ನು ದಾಟಿಕೊಂಡು ಓದಿದ್ದೆ.

ಮೀಟರ್ ಇರೋದು ಓನರ್ ಹೆಸರಲ್ಲಿ, ಅರ್ಜಿಗೆ ಅವರ ಸಹಿಯೇ ಬೇಕು. ಅವರೋ ಪುಣೆಯಲ್ಲಿ ಮಗನ ಮನೆಯಲ್ಲಿ. 'ಬಂದ್ ಮೇಲೆ ಮಾಡೋಣ ಬಿಡಪ್ಪಾ' ಅಂತ ಫೋನಿಟ್ಟರು. 19 ದಿನ ಹೋಯಿತು. ತಿಂಗಳ ಬಾಡಿಗೆ 18,000, ಶಟರ್ ಎತ್ತದೆಯೇ 11,400 ಕರಗಿತು. ಸಾಲದ್ದಕ್ಕೆ, ಲೋಡಿಗೆ ನಾನು ಕಟ್ಟಿದ ಡಿಪಾಸಿಟ್ ಕೂರೋದು ಅವರ ಖಾತೆಯಲ್ಲಿ. ಖಾಲಿ ಮಾಡುವಾಗ ಅದನ್ನು ನನಗೆ ವಾಪಸ್ ಕೊಡಬೇಕು ಅಂತ ಕರಾರಿಗೆ ಒಂದು ಸಾಲು ಸೇರಿಸಿಕೊಂಡೆ. ಓನರ್ ಮುಖ ಸ್ವಲ್ಪ ಗಂಟಿಕ್ಕಿತು, ಆದರೂ ಸಹಿ ಹಾಕಿದರು.

ಬೆಳಗಿನ ಜಾವ ಐದಕ್ಕೆ ಹಿಟ್ಟು ಕಲಸಲು ನಿಲ್ಲುವವನು ನಾನು. ದಿನಕ್ಕೆ ಮೂರು ಸಲ ಹಾರ್ಡ್‌ವೇರ್ ಅಂಗಡಿಗೆ ಓಡೋಕೆ ಆಗಲ್ಲ. ಮನೆಯಲ್ಲಿ ರಿಟೈರ್ ಆದ ಅಪ್ಪ ಇದ್ದರೆ ಕೂಲಿ ಲೆಕ್ಕ ಪರವಾಗಿಲ್ಲ. ಹತ್ತು ವರ್ಷದ ಕರಾರು, ಕೈಯಲ್ಲಿ ದುಡ್ಡು, ಎರಡೂ ಇರುವವರು ಚದರಡಿಗೇ ಕೊಡಲಿ. ಮುಂಚೆ ಒಳಗಡೆ ತಾವೇ ಟೇಪ್ ಹಿಡಿಯಲಿ, ಅಷ್ಟೇ.